ಗಾಳಿ ಹಾಕುವ ಕೈ

ಸೈದಾಪುರ
21 ಜುಲೈ 2025

ಮಾಸ್ತರ್ರಿ,

ನಾ ಕಸ್ತೂರಿ. ದೋರನಹಳ್ಳಿ ಹುಲಗಪ್ಪನ ಮಗಳು, ಆರು ವರ್ಷ ಬಸ್ಸಿನಾಗ ಸುರಪುರಕ್ಕ ಬಂದು ನಿಮ್ಮ ಹಾರ್ಮೋನಿಯಂ ಪೇಟಿ ಮುಂದ ಕುಂತು ಕಲ್ತಾಕಿ. ಇಷ್ಟು ಬಿಡಿಸಿ ಯಾಕ ಹೇಳಾಕತ್ತೇನಿ ಅಂದ್ರ, ಎರಡು ವರ್ಷ ಆತು ನಿಮ್ಮ ಮನಿ ಕಡಿ ಬಂದಿಲ್ಲ, ನೀವು ಮರ್ತೇಬಿಟ್ಟೀರೇನೋ ಅಂತ ಅಂಜಿಕಿ. ಫೋನ್ ಹಚ್ಚಿದ್ರ ನೀವು ಎತ್ತಂಗಿಲ್ಲ. ನಾಗರತ್ನಕ್ಕ ಎತ್ತಿ, "ಅಪ್ಪ ಫೋನಿನಾಗ ಮಾತಾಡೂದು ಬಿಟ್ಟಾನವ್ವ, ಕಾಗದ ಬರಿ, ಓದ್ತಾನ" ಅಂದ್ಲು. ಪೋಸ್ಟ್ ಆಫೀಸಿಗೆ ಹೋಗಿ ಅಂತರ್ದೇಶಿ ಪತ್ರ ಕೊಡ್ರಿ ಅಂದ್ರ, ಅಲ್ಲಿದ್ದಾವ ನನ್ನ ಮುಖ ಮ್ಯಾಲಿಂದ ಕೆಳಗ ನೋಡಿದ. ನಿಮ್ಮ ಶಿಸ್ತು ಗೊತ್ತಿದ್ದದ್ದೇ ಬಿಡ್ರಿ.

ಕಡೇಚೂರಿನ ಔಷಧ ಫ್ಯಾಕ್ಟರಿಯಾಗ ಗುಳಗಿ ತಪಾಸ ಮಾಡೋ ಕೆಲಸ ಸಿಕ್ಕದ. ಸೈದಾಪುರದಾಗ ಖೋಲಿ ಹಿಡದೀನಿ. ಆರು ದಿನ ಗುಳಗಿ. ಏಳನೇ ದಿನ ಮುಂಜಾನಿ ಗಾಡಿ ಹತ್ತಿ ಹೈದರಾಬಾದಿಗೆ ಹೋಗ್ತೀನಿ, ಪಿಯಾನೊ ಬಾರಸಾಕ. ನಗಬ್ಯಾಡ್ರಿ. ನಮ್ಮ ಫ್ಯಾಕ್ಟರಿಯಾಗ ಆಸೀಫ್ ಭಾಯ್ ಅಂತ ಇಂಜಿನಿಯರ್ ಇದ್ದಾರ, ಹೈದರಾಬಾದಿನವರು, ಡ್ರಮ್ ಬಾರಸ್ತಾರ. ಫ್ಯಾಕ್ಟರಿ ಗ್ಯಾದರಿಂಗಿನಾಗ ನಾ ಕೀಬೋರ್ಡ್ ಬಾರಸಿದ್ದು ಕೇಳಿ, "ನಮ್ಮ ಕೂಡ ಬರ್ತೀಯೇನು" ಅಂದ್ರು. ಸಂಜುಕುಮಾರ ಅಂತ ಇನ್ನೊಬ್ಬ ಬೀದರದಾವ ಇದ್ದಾನ. ಆಳೆತ್ತರದ ಪಿಟೀಲಿನಂಥಾದ್ದನ್ನ ಎದಿಗೆ ಒರಗಿಸಿಕೊಂಡು ಬೆರಳಿಲೇ ಮೀಟ್ತಾನ. ಹಿಂಗ ಮೂರು ಮಂದಿ. ನಾವು ಬಾರಸೋದಕ್ಕ ಜಾಝ್ ಅಂತಾರ.

ಅದು ಹೆಂಗಂದ್ರ, ಮೊದಲ ಮೂವರೂ ಕೂಡಿ ಒಂದು ಹಾಡಿನ ಧಾಟಿ ಬಾರಸ್ತೀವಿ. ಆಮ್ಯಾಲ ಒಬ್ಬೊಬ್ಬರಿಗೆ ಪಾಳಿ ಬರ್ತದ. ಪಾಳಿ ಬಂದಾಕಿ ಆ ಹಾಡಿನ ಸುತ್ತಿನಾಗ ಇದ್ದು ತನ್ನ ಮನಸ್ಸಿಗೆ ತಿಳಿದದ್ದು ಬಾರಸಬೇಕು, ಅವಾಗಿಂದ ಅವಾಗ ಹುಟ್ಟಸಬೇಕು, ಮನ್ಯಾಗ ಬಾಯಿಪಾಠ ಮಾಡಿಕೊಂಡು ಬರಂಗಿಲ್ಲ. ನನ್ನ ಪಾಳಿ ಬಂತಂದ್ರ ಅಂಗೈ ಬೆವರ್ತದ್ರಿ ಮಾಸ್ತರ. ಬಲಗೈ ನೀವು ಕಲಿಸಿದ್ದು, ಓಡ್ತದ. ಸಂಕಟ ಎಡಗೈದು. ಪಿಯಾನೊಕ್ಕ ಗಾಳಿ ಹಾಕೂದು ಇಲ್ಲ. ಎಡಗೈಲೆ ಮೂರು ನಾಕು ಸ್ವರ ಒಮ್ಮೆಲೆ ಒತ್ತಬೇಕು, ಅದೂ ಬೇಕಾದಾಗ ಅಷ್ಟ. ನನ್ನ ಎಡಗೈ ಪೇಟಿಗೆ ಗಾಳಿ ಹಾಕಿದಂಗನೇ ಒಂದೇ ಸಮ ಒತ್ತಕೋತ ಹೋಗ್ತದ. ನಿಲ್ಲಂದ್ರ ನಿಲ್ಲಂಗಿಲ್ಲ. ಕೈ ನಿಂತ್ರ ದನಿ ಸಾಯ್ತದ ಅಂತ ಆ ಕೈಗೆ ಅಂಜಿಕಿ.

ಸೆಪ್ಟೆಂಬರ್ 28, ರವಿವಾರ ಸಂಜಿ ನಾಕಕ್ಕ ನಮ್ಮದು ಮೊದಲನೇ ಕಚೇರಿ ಅದ. ನಾ ಹಿಂಗೇ ಬಾರಸಿದ್ರ ಸಿಕಂದರಾಬಾದಿನ ಇನ್ನೊಬ್ಬಾಕಿನ್ನ ಕೂಡಸ್ತಾರಂತ. ಆಸೀಫ್ ಭಾಯ್ ಮುಖಕ್ಕ ಹೇಳಿಬಿಟ್ಟಾರ: "ಕಸ್ತೂರಿ, ನೀ ಸಫಾ ಬಾರಸ್ತೀ, ಆದ್ರ ಅಂಜಿ ಬಾರಸ್ತೀ." ಈ ಪಿಯಾನೊ ಬಿಟ್ರ ನನಗ ಗುಳಗಿ ಅಷ್ಟೇ ಉಳೀತಾವ. ಏನು ಮಾಡ್ಲಿ? ಎರಡು ಮಾತು ಬರೀರಿ.

ನಿಮ್ಮ
ಕಸ್ತೂರಿ

---

ಸುರಪುರ
30 ಜುಲೈ 2025

ಕಸ್ತೂರವ್ವ,

ಮರಿಯಾಕ ನೀ ಏನು ಸಾಮಾನ್ಯ ಹುಡುಗಿ ಇದ್ದೇನು? ಮೊದಲನೇ ದಿನ ನನ್ನ ಪೇಟಿ ಮ್ಯಾಲ ಚುರುಮುರಿ ಚೆಲ್ಲಿದಾಕಿ. ಇನ್ನೂ ಒಂದು ಕಾಳು ಕರಿ ಪಟ್ಟಿ ಸಂದಿಯಾಗ ಅದ, ಅದನ್ನ ನೋಡಿದಾಗೊಮ್ಮೆ ನಿನ್ನ ಬೈತೀನಿ.

ಫೋನಿನ ಮಾತು ಬಿಡು. ಇಲ್ಲಿ ರೇಂಜ್ ಸುಮಾರು. ಅದೂ ಅಲ್ದ ಫೋನಿನಾಗ ಮಂದಿ ಬಾಯಿಗೆ ಬಂದದ್ದು ಒದರ್ತಾರ, ಕಾಗದದಾಗ ವಿಚಾರ ಮಾಡಿ ಬರೀತಾರ.

ನಿನ್ನ ಜಾಝ್ ಅಂದ್ರೇನಂತ ನನಗ ತಿಳೀಲಿಲ್ಲ, ತಿಳಿಯೋ ಅವಶ್ಯನೂ ಇಲ್ಲ. ಯಾವ ದೇಶದ್ದೇ ಇರ್ಲಿ, ಬಾರಸೂದು ಅಂದ್ರ ಬಡಸೂದು ಇದ್ದಂಗ. ಉಣ್ಣಾವನ ತಾಟು ನೋಡಿ ಬಡಸಬೇಕು, ನಿನ್ನ ಸೌಟು ದೊಡ್ಡದದ ಅಂತ ಸುರಿಬಾರದು. ನಿನಗ ರತ್ನಾಬಾಯಿ ಕಥಿ ಹೇಳೀನಲ್ಲ? ಮತ್ತೊಮ್ಮೆ ಹೇಳ್ತೀನಿ. ಅವಾಗ ನನಗ ಇಪ್ಪತ್ತಾರು. ಶಹಾಪುರದಾಗ ನಮ್ಮ ನಾಟಕ ಕಂಪನಿ ಟೆಂಟ್ ಹಾಕಿತ್ತು. ರತ್ನಾಬಾಯಿ ಹಾಡಾಕಿ, ನಾ ಪೇಟಿ. ಆಕಿ ಒಂದು ಸಾಲು ಹಾಡಿ ಉಸಿರು ತಗೊಳ್ಳೋ ಜಾಗದಾಗ ನನಗ ಸೊಕ್ಕು ಬಂತು. ಯಾರೂ ಕೇಳದ ಒಂದು ತಿರುವು ಎತ್ತಿ ಆ ಜಾಗದಾಗ ಹಾಕಿಬಿಟ್ಟೆ. ಆಕಿ ಬೆರಗಾಗಿ ಸ್ವರ ತಪ್ಪಿದ್ಲು. ಟೆಂಟಿನ ತುಂಬ ಸೀಟಿ, ಕೂಗು. ಮರುದಿನ ಮಾಲಕ ನನ್ನ ಕೈಯಾಗಿನ ಪೇಟಿ ಕಸಗೊಂಡು ಪರದೆ ಎಳಿಯೋ ಹಗ್ಗ ಕೊಟ್ಟ. ಒಂದು ವರ್ಷ ಪರದೆ ಎಳದೀನಿ. ಅವತ್ತ ಕಲ್ತೆ, ಹದ ಅಂದ್ರೇನಂತ.

ನಿನ್ನ ಎಡಗೈ ಗಾಳಿ ಹಾಕಿದಂಗ ನಡೀತದಂದ್ರ ನಡೀಲಿ ಬಿಡು. ಅದು ನಿನ್ನ ದಾರಿ ತಪ್ಪಸಂಗಿಲ್ಲ. ಮೊನ್ನೆ ಶ್ರಾವಣದ ಮೊದಲನೇ ಸೋಮವಾರ ಮಠದಾಗ ಭಜನಿ ಇತ್ತು. ಅಮರಪ್ಪ ಹಾಡಿದ, ನಾ ಬಾರಸಿದೆ. ಮುಗದ ಮ್ಯಾಲ ಎಲ್ಲಾರೂ ಬಂದು, "ಮಾಸ್ತರ, ಈಗೀಗ ನೀವು ಎಷ್ಟು ಹದ ಬಾರಸ್ತೀರಿ, ಒಂದು ಸ್ವರ ಹೆಚ್ಚಿಲ್ಲ ಕಡಿಮಿಲ್ಲ" ಅಂದ್ರು. ಇದಕ್ಕ ನಲವತ್ತು ವರ್ಷ ಹಿಡದದ. ನಿನಗ ಯಾಕ ಅವಸರ?

ಅಂಜಬ್ಯಾಡ. ಬರಕೋತ ಇರು.

ವಿಶ್ವರಾಧ್ಯ

---

ಸೈದಾಪುರ
8 ಆಗಸ್ಟ್ 2025

ಮಾಸ್ತರ್ರಿ,

ಆ ಚುರುಮುರಿ ಕಾಳು ಇನ್ನೂ ಅದಂತ ಓದಿ ನಕ್ಕು ನಕ್ಕು ಸಾಕಾತು. ತಗೀಬ್ಯಾಡ್ರಿ ಅದನ್ನ.

ನೀವು ಹೇಳಿದಂಗ ಹದ ಹಿಡದು ಬಾರಸಿದೆ. ದಾರಿ ತಪ್ಪಲಿಲ್ಲ. ಆದ್ರ ಇನ್ನೊಂದು ನಡದದ, ಅದನ್ನ ನಿಮ್ಮ ಮುಂದ ಮುಚ್ಚಿಡಾಕ ಆಗವಲ್ದು.

ಹೋದ ರವಿವಾರ ಆಸೀಫ್ ಭಾಯ್ ಮತ್ತ ಸಂಜು ಚಹಾಕ್ಕ ಹೋಗಿದ್ರು. ನಾವು ಬಾರಸೋ ಖೋಲಿಯಾಗ ನಾ ಒಬ್ಬಾಕಿ. ಮೊಬೈಲ್ ರೆಕಾರ್ಡಿಗೆ ಇಟ್ಟು ಸುಮ್ನ ಕೈಯಾಡಿಸಾಕತ್ತಿದ್ದೆ. ನಡುವೆ ಬಲಗೈ ಎಲ್ಲೋ ಹೋತು, ಹಾಡಿನ ಊರು ಬಿಟ್ಟು ಹೊರಗ ಹೋದಂಗಾತು. ಎಡಗೈ ಒಂದು ನಾಕು ಮಾತ್ರಿ ನಿಂತೇಬಿಡ್ತು. ಮಾಸ್ತರ್ರಿ, ನನ್ನ ಜೀವ ಹೋದಂಗಾತು. ಮತ್ತ ಹೆಂಗೋ ತಿರುಗಿ ಬಂದೆ. ಆಮ್ಯಾಲ ಅದನ್ನ ಕೇಳಿದ್ರ ನನಗೇ ಅಂಜಿಕಿ. ಚಂದ ಅದನೋ ಹೊಲಸ ಅದನೋ ತಿಳಿವಲ್ದು. ಆಸೀಫ್ ಭಾಯ್‌ಗ ಕೇಳಿಸಿಲ್ಲ, ಧೈರ್ಯ ಆಗಲಿಲ್ಲ.

ಅದಕ್ಕ ನಾಗರತ್ನಕ್ಕನ ಮೊಬೈಲಿಗೆ ಎರಡು ರೆಕಾರ್ಡ್ ಕಳಸೀನಿ. ಒಂದನೇದು ಹದ ಹಿಡದು ಬಾರಸಿದ್ದು. ಎರಡನೇದು ಈಗ ಹೇಳಿದ್ದು. ಎರಡೂ ಕೇಳಿ, ನಾ ಯಾವ ದಾರಿ ಹಿಡೀಲಿ ಅಂತ ಬರೀರಿ. ಇದೇ 24ಕ್ಕ ಆಸೀಫ್ ಭಾಯ್ ನನ್ನ ಪರೀಕ್ಷಾ ಮಾಡ್ತಾರ. ನೀವು ಅಂದದ್ದೇ ಖರೇ, ಅದನ್ನೇ ಬಾರಸ್ತೀನಿ. ನನ್ನ ಕಿವಿ ಮ್ಯಾಲ ನನಗ ನಂಬಿಕಿ ಇಲ್ಲ, ನಿಮ್ಮ ಕಿವಿ ಮ್ಯಾಲ ಅದ.

ಕಸ್ತೂರಿ

---

ಸುರಪುರ
16 ಆಗಸ್ಟ್ 2025

ಕಸ್ತೂರವ್ವ,

ನಾಗರತ್ನಾ ಮೊಬೈಲ್ ಕಿವಿ ಹತ್ರ ಹಿಡದ್ಲು. ಕೇಳ್ದೆ.

ಒಂದನೇದು ನೆಟ್ಟಗದ. ಸ್ವರ ಸ್ವಚ್ಛ, ಲಯ ಬರೋಬ್ಬರಿ. ನಾ ಕಲಿಸಿದ ಕೈ ಅಂತ ಗುರ್ತು ಹತ್ತತದ.

ಎರಡನೇದು ಬಿಟ್ಟುಬಿಡು. ಗದ್ದಲ ಭಾಳ ಅದ. ಬಲಗೈ ಅಲ್ಲಿ ಇಲ್ಲಿ ಅಲೀತದ, ಎಡಗೈ ನಿಂತಲ್ಲಿ ಕೇಳಾವರಿಗೆ ಹೊಲಸ ಅನಸ್ತದ. ಆ ದಾರಿಗೆ ಹೋಗಬ್ಯಾಡ. ನಿನಗ ನಾ ಪರದೆ ಹಗ್ಗ ಹಿಡಿಯಾಕ ಬಿಡಂಗಿಲ್ಲ.

24ಕ್ಕ ಒಂದನೇದರಂಗ ಬಾರಸು.

ವಿಶ್ವರಾಧ್ಯ

---

ಸೈದಾಪುರ
25 ಆಗಸ್ಟ್ 2025

ಮಾಸ್ತರ್ರಿ,

ನಿನ್ನೆ ನೀವು ಹೇಳಿದಂಗ ಬಾರಸಿದೆ. ಒಂದು ಸ್ವರ ಆಚಿಗಿಲ್ಲ ಈಚಿಗಿಲ್ಲ. ಮುಗದ ಮ್ಯಾಲ ಆಸೀಫ್ ಭಾಯ್ ಕೈಯಾಗಿನ ಕಡ್ಡಿ ಕೆಳಗಿಟ್ರು. ಆಮ್ಯಾಲ, "ಕಸ್ತೂರಿ, ನೀ ಬಾರಸಾಕತ್ತಿರಲಿಲ್ಲ, ಹಿಂದ ಯಾರೋ ನಿಂತಾರ ಅಂತ ಅವರನ್ನ ಕೇಳಿ ಕೇಳಿ ಒತ್ತಾಕತ್ತಿದ್ದಿ" ಅಂದ್ರು. ಸೆಪ್ಟೆಂಬರ್ 28ರ ಕಚೇರಿಗೆ ನಾನೇ ಕೂಡಬೇಕಂತ, ಯಾಕಂದ್ರ ಸಿಕಂದರಾಬಾದಿನಾಕಿ ಆ ದಿನ ಊರಾಗಿಲ್ಲ. ಒಂದು ಹಾಡಿನಾಗ ನನಗ ಉದ್ದನ ಪಾಳಿ ಕೊಡ್ತಾರಂತ. ಅಲ್ಲೂ ಹಿಂಗೇ ಅಂಜಿಕೋತ ಬಾರಸಿದ್ರ, ಅವತ್ತೇ ಕಡೀದು.

ಬರಾಗ ಗಾಡಿಯಾಗ ಅತ್ಕೋತ ಬಂದೆ. ಎದುರಿಗೆ ಕುಂತ ಮುದುಕಿ ಬಾಳೆಹಣ್ಣು ಕೊಟ್ಟು ಸಮಾಧಾನ ಮಾಡಿದ್ಲು. ಆ ಎರಡನೇ ರೆಕಾರ್ಡ್ ಒಮ್ಮೆ ಕೇಳೋಣಂತ ಮೊಬೈಲ್ ತಗದೆ. ನಿಮಗ ಕಳಿಸಿದ್ದನ್ನ ನೋಡ್ದೆ. ಮಾಸ್ತರ್ರಿ, ಎರಡನೇದರ ಮುಂದ ಕೆಂಪು ಗುರ್ತು ಅದ. ಅದು ಹೋಗೇ ಇಲ್ಲ. ಫ್ಯಾಕ್ಟರಿಯಾಗ ನೆಟ್‌ವರ್ಕ್ ಹರೀತು ಕಾಣಸ್ತದ, ನನ್ನ ಮೊಬೈಲಿನಾಗೇ ಉಳದದ. ನಾಗರತ್ನಕ್ಕಗ ಫೋನ್ ಮಾಡಿ ಕೇಳ್ದೆ. "ಒಂದೇ ಬಂದದವ್ವ" ಅಂದ್ಲು.

ಹಂಗಾದ್ರ ನೀವು ಕೇಳಿದ್ದು ಯಾವುದ್ರಿ? ಯಾವುದಕ್ಕ ಗದ್ದಲ ಅಂದ್ರಿ, ಯಾವುದಕ್ಕ ಹೊಲಸ ಅಂದ್ರಿ? ಎಡಗೈ ನಿಂತದ್ದು ನಿಮಗ ಹೆಂಗ ತಿಳೀತು? ನಾ ಕಾಗದದಾಗ ಬರದದ್ದನ್ನೇ ನನಗ ತಿರುಗಿಸಿ ಬರದೀರಿ. ನಾ ನಿಮ್ಮ ಕಿವಿ ನಂಬಿ ಬಾರಸಿದೆ. ಕೇಳದನ ಹೇಳೋದಿದ್ರ ಕೇಳಿಲ್ಲ ಅನ್ನಬೇಕಿತ್ತು. ಇದೆಲ್ಲಾ ಆಟ ಅಂತ ತಿಳದ್ರೇನು?

ಕಸ್ತೂರಿ

---

ಸೈದಾಪುರ
12 ಸೆಪ್ಟೆಂಬರ್ 2025

ಮಾಸ್ತರ್ರಿ,

ಹದಿನೆಂಟು ದಿನ ಆತು, ನಿಮ್ಮ ಕಾಗದ ಇಲ್ಲ. ನಾ ಬಿರುಸಾಗಿ ಬರದೆ. ಬರದು ಡಬ್ಬಿಗೆ ಹಾಕಿದ ಮ್ಯಾಲ ತಪ್ಪಾತು ಅನಸಿತು, ಡಬ್ಬಿಯಾಗ ಕೈ ಹಾಕಿ ತಗಿಯಾಕ ಬರಂಗಿಲ್ಲಲ್ಲ.

ನಿನ್ನೆ ನಾಗರತ್ನಕ್ಕ, "ಅಪ್ಪ ಪೇಟಿ ಮುಟ್ಟಿಲ್ಲ, ಭಜನಿಗೂ ಹೋಗಿಲ್ಲ, ಊಟಕ್ಕ ಕರದ್ರೂ ಬರಂಗಿಲ್ಲ" ಅಂದ್ಲು. ಸಿಟ್ಟಿದ್ರ ಬೈರಿ, ಆದ್ರ ಸುಮ್ನಿರಬ್ಯಾಡ್ರಿ. ನೀವು ಸುಮ್ನಾದ್ರ ಭಾಳ ಅಂಜಿಕಿ ಆಗ್ತದ. ಮೈಯಾಗ ಹುಷಾರದೀರಿಲ್ಲೋ?

ಇಲ್ಲಿ ಕೈ ಪೂರಾ ಕೆಟ್ಟದ. ಈಗ ಹದಾನೂ ಬರವಲ್ದು, ಇನ್ನೊಂದೂ ಬರವಲ್ದು. ಇನ್ನ ಹದಿನಾರು ದಿನ ಅದ.

ಕಸ್ತೂರಿ

---

ಸುರಪುರ
18 ಸೆಪ್ಟೆಂಬರ್ 2025

ಕಸ್ತೂರವ್ವ,

ಈ ಕಾಗದ ನಾಕು ಸಲ ಬರದು ಹರದೀನಿ. ಇದು ಐದನೇದು. ಹರಿಯಾಕ ಕಾಗದ ಮುಗದಾವ, ಹಂಗಾಗಿ ಇದು ನಿನಗ ಮುಟ್ಟತದ.

ನನಗ ಕಿವಿ ಕೇಳಸಂಗಿಲ್ಲ.

ಎರಡು ವರ್ಷ ಆತು. ಮೊದಲ ಸಣ್ಣ ದನಿ ಹೋತು, ಆಮ್ಯಾಲ ಮಾತು. ಈಗ ಯಾರರ ಕಿವಿ ಹತ್ರ ಬಂದು ಒದರಿದ್ರ ಗುಂಯ್ ಅಂತದ, ಅಷ್ಟ. ದಿನಾ ಮುಂಜಾನಿ ಎದ್ದ ಕೂಡ್ಲೇ ಹಿತ್ತಾಳಿ ಗ್ಲಾಸಿಗೆ ಚಮಚದಿಂದ ತಟ್ಟಿ ನೋಡ್ತೀನಿ, ಇವತ್ತರ ಕೇಳಸ್ತದೇನೋ ಅಂತ. ನಾಗರತ್ನಾ, "ಅಪ್ಪಾ, ಯಾಕ ಚಮಚ ಬಡೀತಿ" ಅಂತ ಬಾಯಿ ಮಾಡ್ತಾಳ. ಆಕಿ ಬಾಯಿ ಮಾಡೂದು ಕಾಣಸ್ತದ. ಮಂದ ಆಗ್ಯಾವ ಅಂತ ಆಕಿಗೆ ಗೊತ್ತು, ಇಷ್ಟು ಹೋಗ್ಯಾವ ಅಂತ ಗೊತ್ತಿರಲಿಲ್ಲ. ಡಾಕ್ಟರ್ ಕಡಿ ಹೋಗಿಲ್ಲ. ಹೋದ್ರ ಅವ ಪೂರಾ ಹೋಗ್ಯಾವ ಅಂತ ಬರದು ಕೊಟ್ಟುಬಿಡ್ತಾನ ಅಂತ ಅಂಜಿಕಿ.

ಭಜನಿ ಹೆಂಗ ಬಾರಸ್ತಿದ್ದೆ ಅಂತೀಯೇನು? ಅಮರಪ್ಪನ ಬಾಯಿ ನೋಡಿ, ಗಂಟಲ ನೋಡಿ. ಪೇಟಿ ಕಟ್ಟಿಗಿ ಮ್ಯಾಲ ಮೊಣಕೈ ಇಟ್ಟು ಅದರ ನಡುಕ ಹಿಡದು. ಕೇಳಸಂಗಿಲ್ಲ ಅಂದ ಮ್ಯಾಲ ಎಲ್ಲಿಂದ ಹೆಚ್ಚು ಸ್ವರ ಹಾಕ್ಲಿ? ಬರೇ ಗೊತ್ತಿದ್ದ ಸ್ವರ, ಗೊತ್ತಿದ್ದ ಜಾಗ. ಮಂದಿ ಅದಕ್ಕ ಹದ ಅಂದ್ರು. ನಾನೂ ಹೌದಂತ ತಲಿ ಅಲ್ಲಾಡಿಸಿದೆ. ಆ ಹೊಗಳಿಕಿ ನಿನಗೂ ಬರದು ಕಳಸಿದೆ, ನಾಚಿಕಿಲ್ದ ಮುದುಕ.

ನಿನ್ನ ರೆಕಾರ್ಡ್ ಬಂದ ದಿನ ನಾಗರತ್ನಾ ಮೊಬೈಲ್ ಕಿವಿಗೆ ಹಿಡದ್ಲು. ಏನೂ ಇಲ್ಲ. ಆಕಿ ಮುಖ ನೋಡಿ ಹೂಂ ಅಂದೆ. ನಿನ್ನ ಕಾಗದ ಮುಂದಿಟ್ಕೊಂಡು ಉತ್ತರ ಬರದೆ. ನಿನ್ನ ಪರೀಕ್ಷಾ ಹಾಳು ಮಾಡಿದೆ. ನಿನ್ನ ಬೈಗಳ ನನಗ ಕಡಿಮೀನೇ ಆದ್ವು.

ಇನ್ನೊಂದದ. ರತ್ನಾಬಾಯಿ ಕಥಿ ನಿನಗ ಅರ್ಧ ಹೇಳೀನಿ. ಎಲ್ಲಾ ಶಿಷ್ಯರಿಗೂ ಅರ್ಧೇ ಹೇಳೀನಿ. ಪರದೆ ಎಳಿಯಾಕ ನಿಂತ ಮೂರನೇ ದಿನ ಆಕಿ ಹಗ್ಗದ ಹತ್ರ ಬಂದ್ಲು. "ತಮ್ಮಾ, ಸ್ವರ ತಪ್ಪಿದ್ದು ನಾ. ನೀ ಹಾಕಿದ್ದು ಚಂದಿತ್ತು, ನಾ ತಯಾರಿರಲಿಲ್ಲ ಅಷ್ಟ. ಪೇಟಿ ತಿರುಗಿ ಸಿಕ್ಕಾಗ ಮತ್ತ ಅದನ್ನೇ ಹಾಕು, ನಾ ಸಂಭಾಳಸ್ತೀನಿ" ಅಂದ್ಲು. ವರ್ಷದ ಮ್ಯಾಲ ಪೇಟಿ ಸಿಕ್ತು. ದಿನಾ ಆ ಜಾಗ ಬಂದಾಗ ಆಕಿ ಹಾಡೂದು ನಿಲ್ಲಸಿ ನನ್ನ ಕಡಿ ನೋಡ್ತಿದ್ಲು. ಹಾಕ್ತೀಯೇನು ಅಂತ. ನಲವತ್ತು ಪ್ರಯೋಗ ನೋಡಿದ್ಲು. ನಾ ಒಮ್ಮೆನೂ ಹಾಕಲಿಲ್ಲ. ತಲಿ ತಗ್ಗಿಸಿ ಸೀದಾ ಬಾರಸಿದೆ. ಆಮ್ಯಾಲ ಆಕಿ ನೋಡೂದು ಬಿಟ್ಲು. ಕಂಪನಿ ಮುಚ್ಚಿತು, ಆಕಿ ಎಲ್ಲಿ ಹೋದ್ಲೋ ಗೊತ್ತಿಲ್ಲ.

ಅಂಜಿ ಬಿಟ್ಟದ್ದಕ್ಕ ನಾ ಹದ ಅಂತ ಹೆಸರಿಟ್ಟೆ. ನಿನಗ ಕಲಿಸಿದ್ದರಾಗ ಅರ್ಧ ಹದ ಅದ, ಅರ್ಧ ನನ್ನ ಅಂಜಿಕಿ ಅದ. ಯಾವ ಅರ್ಧ ಯಾವುದು ಅಂತ ನನಗೂ ಗೊತ್ತಿಲ್ಲ. ನೀ ಬಾರಸಿ ನೋಡಿದ್ರ ನಿನಗ ತಿಳೀಬಹುದು. ನನ್ನ ಇನ್ನ ಕೇಳಬ್ಯಾಡವ್ವ.

ವಿಶ್ವರಾಧ್ಯ

---

ಸೈದಾಪುರ
24 ಸೆಪ್ಟೆಂಬರ್ 2025

ಮಾಸ್ತರ್ರಿ,

ನಿಮ್ಮ ಕಾಗದ ಫ್ಯಾಕ್ಟರಿ ಗೇಟಿನಾಗ ಓದಿದೆ. ಓದಿ ಅಲ್ಲೇ ಕಟ್ಟಿ ಮ್ಯಾಲ ಕುಂತೆ. ಮೊದಲ ಅಳು ಬಂತು. ಆಮ್ಯಾಲ ಸಿಟ್ಟು ಬಂತು, ಸುಳ್ಳ ಯಾಕ ಹೇಳ್ಲಿ. ಎರಡು ವರ್ಷ ಒಬ್ಬರೇ ಆ ಚಮಚ ಬಡಕೋತ ಕುಂತಿದ್ರಿ, ನಮಗ್ಯಾರಿಗೂ ಹೇಳಬಾರದಿತ್ತೇನು? ನಾವೇನು ಹೊರಗಿನವರೇನು?

ಇನ್ನೊಂದು ಮಾತು. ನಿಮ್ಮ ಕಾಗದ ಓದಿದ ಮ್ಯಾಲ ನನ್ನ ಅಂಜಿಕಿ ಹೆಚ್ಚಾಗ್ಯದ, ಕಡಿಮಿ ಆಗಿಲ್ಲ. ಇಷ್ಟು ದಿನ ತಪ್ಪಿದ್ರ ಮಾಸ್ತರ ಹಿಂಗ ಕಲಿಸ್ಯಾರ ಅಂತ ನಿಮ್ಮ ಮ್ಯಾಲ ಹಾಕ್ತಿದ್ದೆ. ಈಗ ಯಾರ ಮ್ಯಾಲ ಹಾಕ್ಲಿ? ಕೇಳಾಕ ಯಾರೂ ಇಲ್ಲ. ಕೆಟ್ರೂ ನಾನೇ, ಉಳದ್ರೂ ನಾನೇ. ಉಂಡದ್ದು ಮೈಗೆ ಹತ್ತವಲ್ದು.

ಮೊನ್ನೆ ರವಿವಾರ ಸಂಜುಗ, "ನಾ ನಡುವೆ ದಾರಿ ತಪ್ಪಿದ್ರ ಏನು ಮಾಡ್ಲಿ" ಅಂತ ಕೇಳ್ದೆ. "ನನ್ನ ಕಡಿ ನೋಡು, ಸುತ್ತು ಎಲ್ಲಿದ್ರೂ ನಾ ಬಿಟ್ಟು ಹೋಗಂಗಿಲ್ಲ" ಅಂದ. ಅದೇ ರತ್ನಾಬಾಯಿ ನಿಮಗ ಅಂದ ಮಾತು ಅನಸಿತು.

28ಕ್ಕ ನಾ ಕೂಡ್ತೀನಿ. ಏನು ಬಾರಸ್ತೀನಿ ಅಂತ ನನಗ ಗೊತ್ತಿಲ್ಲ. ನಾ ಇದನ್ನ ಮಾಡಿದ್ರ ನೀವೂ ಒಂದು ಮಾಡಬೇಕು. ಅಮರಪ್ಪಣ್ಣಗ ಖರೇ ಹೇಳ್ರಿ. ಮತ್ತ ಕಲಬುರಗಿಗೆ ಹೋಗಿ ಕಿವಿ ತೋರಸ್ರಿ, ನಾಗರತ್ನಕ್ಕನ ಕೂಡ. ಅಂಜಿಕಿ ಇಬ್ಬರಿಗೂ ಅದ, ನಾ ಒಬ್ಬಾಕಿನೇ ಯಾಕ ಮುಂದ ಹೋಗ್ಲಿ?

ಕಸ್ತೂರಿ

---

ಸೈದಾಪುರ
29 ಸೆಪ್ಟೆಂಬರ್ 2025

ಮಾಸ್ತರ್ರಿ,

ಸಂಜುನ ತಮ್ಮ ಪ್ರವೀಣಕುಮಾರ ಕಚೇರಿ ವಿಡಿಯೋ ಹಿಡದಾನ. ನಾಗರತ್ನಕ್ಕನ ಮೊಬೈಲಿಗೆ ಕಳಸೀನಿ. ಈ ಸಲ ಹೋಗ್ಯದ, ಎರಡು ಸಲ ನೋಡೀನಿ, ಕೆಂಪು ಗುರ್ತು ಇಲ್ಲ.

ಹೆಂಗಾತು ಅಂತ ನಾ ಬರಿಯಂಗಿಲ್ಲ. ಬರದ್ರ ನೀವು ಮತ್ತ ಅದನ್ನೇ ತಿರುಗಿಸಿ ಬರೀತೀರಿ. ದನಿ ಬ್ಯಾಡ, ಕಣ್ಣಿಲೇ ನೋಡ್ರಿ. ನೋಡಿ ಕಂಡದ್ದು ಬರೀರಿ.

ಕಸ್ತೂರಿ

---

ಸುರಪುರ
7 ಅಕ್ಟೋಬರ್ 2025

ಕಸ್ತೂರವ್ವ,

ಭಾಳ ಚೂಟಿ ಆಗೀದಿ. ನನ್ನ ಕಳ್ಳತನ ನನಗೇ ಎತ್ತಿ ಆಡ್ತಿ.

ನಾಗರತ್ನಾ ಮೊಬೈಲನ್ನ ಅಕ್ಕಿ ಡಬ್ಬಿಗೆ ಒರಗಿಸಿ ಇಟ್ಲು. ನಾ ಚಷ್ಮಾ ಹಾಕ್ಕೊಂಡು ಕುಂತೆ. ಹತ್ತು ಸಲ ನೋಡೀನಿ. ಕಂಡದ್ದು ಬರೀತೀನಿ, ಕಾಣದ್ದು ಬರಿಯಂಗಿಲ್ಲ.

ಮೊದಲ ನಿನ್ನ ಮಾರಿ ಬೆಳ್ಳಗಾಗಿತ್ತು. ಎಡಗೈ ಗಾಳಿ ಹಾಕಾಕತ್ತಿತ್ತು. ಏಳೂದು ಒತ್ತೂದು, ಏಳೂದು ಒತ್ತೂದು. ಅದನ್ನ ನೋಡಿ ನನಗ ನಾಚಿಕಿ ಬಂತು, ಅದು ನನ್ನ ಕೈ. ಆಸೀಫ ನಿನ್ನ ಕಡಿ ನೋಡವಲ್ಲ, ತನ್ನ ಪಾಡಿಗೆ ಬಾರಸಾಕತ್ತಾನ. ಆಮ್ಯಾಲ ನಿನ್ನ ಬಲಗೈ ಮ್ಯಾಲಿನ ಪಟ್ಟಿ ಕಡಿ ಹೊಂಟಿತು. ಅಲ್ಲಿಂದ ಇನ್ನೂ ಆಚಿಗಿ. ಎಲ್ಲಿ ಹೊಂಟಾಳ ಈ ಹುಡುಗಿ ಅಂತ ನಾ ಕುಂತಲ್ಲಿಂದ ಎದ್ದೆ. ಅಷ್ಟ್ರಾಗ ನಿನ್ನ ಎಡಗೈ ಮ್ಯಾಲೆದ್ದು ಗಾಳಿಯಾಗ ನಿಂತುಬಿಡ್ತು.

ಐವತ್ತು ವರ್ಷ ಪೇಟಿ ಬಾರಸಿದಾವ ನಾ. ಗಾಳಿ ಹಾಕೋ ಕೈ ನಿಂತ್ರ ಮುಗೀತು, ದನಿ ಸತ್ತು. ನನಗ ಹ್ಯಾಂಗೂ ಕೇಳಸಂಗಿಲ್ಲ, ಅಲ್ಲಿ ಏನಾತು ಅಂತ ಹೆಂಗ ತಿಳೀಬೇಕು? ಹಂಗಾಗಿ ಆಸೀಫನ ಮುಖ ನೋಡ್ದೆ. ಅವ ತಲಿ ಎತ್ತಿ ನಿನ್ನ ಕಡಿ ನೋಡಿದ. ಬಾಯಿ ತೆರೆದ, ನಕ್ಕ. ಸಂಜು ಕಣ್ಣು ಮುಚ್ಚಿಕೊಂಡು ಮೀಟಕೋತ ಇದ್ದ. ಹಿಂದ ಕುರ್ಚಿ ಮ್ಯಾಲ ಒಬ್ಬ ಹೆಣ್ಣಮಗಳು ಕೈಯಾಗಿನ ಕಪ್ಪು ಬಾಯಿ ತನಕ ಒಯ್ದು ಅಲ್ಲೇ ಹಿಡದಿದ್ಲು. ಕೈ ನಿಂತ್ರೂ ದನಿ ನಿಂತಿಲ್ಲ ಅಂತ ಅವರ ಮಾರಿ ನೋಡಿ ನನಗ ತಿಳೀತು. ಆಮ್ಯಾಲ ಎಡಗೈ ಕೆಳಗ ಬಂತು, ತನಗ ಬೇಕಾದಾಗ ಬಂತು. ಗಾಳಿ ಹಾಕೂದು ಅದು ಬಿಟ್ಟದ.

ಮುಂದಿನ ತಿಂಗಳ ಕಚೇರಿಗೂ ನೀನೇ ಕೂಡ್ತೀಯಂತ ನಾಗರತ್ನಾ ಫೋನಿನಾಗ ಕೇಳಿ ಬರದು ತೋರಿಸಿದ್ಲು. ಕುಂತು ಅತ್ತೆ, ಸುಳ್ಳ ಯಾಕ ಹೇಳ್ಲಿ.

ಇನ್ನ ನನ್ನ ಪಾಳಿ. ನಿನ್ನೆ ಸೋಮವಾರ ಭಜನಿಗೆ ಹೋದೆ. ಪೇಟಿ ಬಿಚ್ಚೋಕಿಂತ ಮೊದಲೇ ಅಮರಪ್ಪಗ ಎಲ್ಲಾ ಹೇಳಿದೆ. ಅವಗ ಕನಿಕರ ಬರ್ತದ ಅಂದ್ಕೊಂಡಿದ್ದೆ. ಅವ ಸಿಟ್ಟಿಗೆದ್ದ. ಒಂದು ಚೀಟಿ ಮ್ಯಾಲ ಬರದು ನನ್ನ ಮುಖಕ್ಕ ಹಿಡದ: "ಎರಡು ವರ್ಷ ನಾ ಗಂಟಲ ಹರಕೊಂಡು ಹಾಡೀನಿ, ನೀವು ಕೇಳೇ ಇಲ್ಲೇನ್ರಿ?" ಹೌದಪ್ಪಾ ಕೇಳಿಲ್ಲ ಅಂದೆ. ಅವ ಚೀಟಿ ಮುದುಡಿ ಒಗದ. ಆಮ್ಯಾಲ ಸರದು ಬಂದು ತನ್ನ ಮೊಣಕಾಲು ನನ್ನ ಮೊಣಕಾಲಿಗೆ ಹಚ್ಚಿ ಕುಂತ, ಮೊಣಕಾಲಿಲೇ ತಾಳ ತಟ್ಟಕೋತ ಹಾಡಾಕತ್ತಿದ. ಕಲಬುರಗಿಗೆ ಗುರುವಾರ ಹೊಂಟೀವಿ, ಅವನೂ ಬರ್ತೀನಿ ಅಂದಾನ.

ನಡುವೆ ಒಂದು ಸಾಲು ಮುಗಿಸಿ ಅವ ಉಸಿರು ತಗೊಂಡ. ಅದೇ ಜಾಗ ಕಸ್ತೂರವ್ವ, ಶಹಾಪುರದ ಟೆಂಟಿನಾಗಿನ ಜಾಗ. ಬೆರಳಿಗೆ ಆ ತಿರುವು ನೆನಪಿತ್ತು. ಹಾಕಿಬಿಟ್ಟೆ. ಪೂರಾ ಹಾಕಿದೆ, ತಲಿ ತಗ್ಗಸಲಿಲ್ಲ. ಅಮರಪ್ಪ ಬಾಯಿ ಮುಚ್ಚಿ ನನ್ನ ಕಡಿ ತಿರುಗಿ ನೋಡಿದ. ಎಲ್ಲಾರೂ ನೋಡಿದ್ರು. ಆಮ್ಯಾಲ ಅವ ಮತ್ತ ಬಾಯಿ ತೆರೆದ, ಮೊಣಕಾಲು ತಾಳ ಬಿಡಲಿಲ್ಲ.

ಅದು ಚಂದಿತ್ತೋ ಕೆಟ್ಟಿತ್ತೋ ನನಗ ಗೊತ್ತಿಲ್ಲ. ಅಮರಪ್ಪನ್ನ ಕೇಳಾಕ ಅಂಜಿಕಿ, ಕೇಳಿಲ್ಲ. ಒಂದು ರವಿವಾರ ನಿನ್ನ ಹೈದರಾಬಾದ್ ಬಿಟ್ಟು ಈ ಕಡಿ ಬಾ. ನಾ ಮತ್ತ ಬಾರಸ್ತೀನಿ. ನೀ ಕೇಳಿ ಹೇಳು.

ವಿಶ್ವರಾಧ್ಯ